ಸತ್ತ್ವವೂ ಉಪಕರಣವೂ

ಸೂರ್ಯನ ರಥವನ್ನು ಕುರಿತ ಒಂದು ಸುಭಾಷಿತವು ಸಂಸ್ಕೃತವನ್ನು ಬಲ್ಲ ಮನೆಗಳಲ್ಲಿ ಬಹುಕಾಲದಿಂದ ಬಾಯಿಪಾಠವಾಗಿ ಬಂದಿದೆ. ರಥಕ್ಕೆ ಗಾಲಿ ಒಂದೇ, ಸಾರಥಿಗೆ ತೊಡೆಗಳಿಲ್ಲ. ಆದರೂ ಸೂರ್ಯನ ದಿನದ ಪಯಣ ನಿಲ್ಲುವುದಿಲ್ಲ. ಹಿರಿಯರ ಕಾರ್ಯಸಿದ್ಧಿಗೆ ಕಾರಣವಾದುದು ಸತ್ತ್ವ, ಉಪಕರಣವಲ್ಲ ಎಂಬುದು ಅದರ ಸಾರ. ಹೆಳವನನ್ನೂ ಬೆಟ್ಟ ದಾಟಿಸಬಲ್ಲ ದೈವಕೃಪೆಯನ್ನು ಕೊಂಡಾಡುವ ಸ್ತುತಿಯೂ ಅಷ್ಟೇ ಪರಿಚಿತವಾದುದು. ಮೊದಲನೆಯದು ಒಳಗಿನ ಬಲವನ್ನು ನಂಬುತ್ತದೆ, ಎರಡನೆಯದು ಮೇಲಿನ ಬಲವನ್ನು. ಅಂಗದಲ್ಲಿ ಊನವುಳ್ಳವರು ದೊಡ್ಡದೊಂದು ಕಾರ್ಯವನ್ನು ಸಾಧಿಸಿದಾಗ ಲೋಕವು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಕಾರಣವನ್ನು ಹೇಳಿ ತೃಪ್ತಿಗೊಳ್ಳುತ್ತದೆ. ಪಕ್ಕದಲ್ಲಿ ನಿಂತಿದ್ದ ಕಮ್ಮಾರನನ್ನೂ ಗುರುವನ್ನೂ ಯಾರೂ ನೆನೆಯುವುದಿಲ್ಲ.

ಈ ಮರೆವು ಹಳೆಯ ಸುಭಾಷಿತಗಳಿಗೆ ಮಾತ್ರ ಸೇರಿದುದಲ್ಲ. ಆಧುನಿಕ ಕಾಲದ ಜೀವನಚರಿತ್ರೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಅದು ವೇಷವನ್ನು ಬದಲಿಸಿಕೊಂಡು ಬಂದಿದೆ. ಅದನ್ನು ಪರೀಕ್ಷಿಸುವುದಕ್ಕೆ ೧೯೭೫ರಲ್ಲಿ ಹೊರಬಂದ ‘ದಿ ಅದರ್ ಸೈಡ್ ಆಫ್ ದಿ ಮೌಂಟನ್’ ಎಂಬ ಅಮೆರಿಕದ ಚಿತ್ರವು ಒಳ್ಳೆಯ ನಿದರ್ಶನ. ‘ಪರ್ವತದ ಆಚೆಯ ಮಗ್ಗುಲು’ ಎಂದು ಆ ಹೆಸರಿನ ಅರ್ಥ. ಅದರ ನಿರ್ದೇಶಕ ಲ್ಯಾರಿ ಪಿಯರ್ಸ್; ಅದಕ್ಕೆ ಆಧಾರವಾದುದು ಈ. ಜಿ. ವ್ಯಾಲೆನ್ಸ್ ೧೯೬೬ರಲ್ಲಿ ಪ್ರಕಟಿಸಿದ ಜೀವನಚರಿತ್ರೆ. ಎರಡಕ್ಕೂ ವಸ್ತುವಾದುದು ಜಿಲ್ ಕಿನ್‌ಮಾಂಟ್ ಎಂಬ ತರುಣಿಯ ಬಾಳು.

ಕಥೆಯನ್ನು ಸಂಗ್ರಹವಾಗಿ ಹೇಳುವುದಾದರೆ ಇಷ್ಟು. ಕ್ಯಾಲಿಫೋರ್ನಿಯದ ಬಿಷಪ್ ಎಂಬ ಊರಿನ ಜಿಲ್, ಕಾಲಿಗೆ ಉದ್ದವಾದ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟದಲ್ಲಿ ಅಸಾಧಾರಣ ಪ್ರತಿಭೆಯುಳ್ಳವಳಾಗಿದ್ದಳು. ನೆಟ್ಟ ಕಂಬಗಳ ನಡುವೆ ಸುಳಿದು ಇಳಿಯುವ ಸ್ಲಾಲಮ್ ಪಂದ್ಯದಲ್ಲಿ ೧೯೫೪ರ ರಾಷ್ಟ್ರೀಯ ವಿಜಯ ಅವಳದಾಗಿತ್ತು. ೧೯೫೬ರ ಒಲಿಂಪಿಕ್ ಕ್ರೀಡೆಗಳ ಮೇಲೆ ಅವಳ ಕಣ್ಣಿದ್ದಿತು. ೧೯೫೫ರ ಜನವರಿ ೩೦ರಂದು ಯೂಟಾ ರಾಜ್ಯದ ಆಲ್ಟಾ ಎಂಬ ಪರ್ವತಸ್ಥಾನದ ಪಂದ್ಯದಲ್ಲಿ ಆಕೆ ಹಿಡಿತ ತಪ್ಪಿ ಬಿದ್ದಳು. ಕೊರಳಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಹೆಗಲಿನಿಂದ ಕೆಳಗೆ ದೇಹವು ಸ್ವಾಧೀನ ತಪ್ಪಿತು. ಆಗ ಅವಳ ವಯಸ್ಸು ೧೮. ಮರುದಿನದ ತಾರೀಖನ್ನು ಹೊತ್ತ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ಅವಳದೇ ಚಿತ್ರವಿದ್ದಿತು. ಮುಂದೆ ಅವಳಿಗೆ ಒಲಿದುಬಂದ ಸಾಹಸಿ ಡಿಕ್ ಬ್ಯೂಕ್ ೧೯೫೭ರಲ್ಲಿ ವಿಮಾನಾಪಘಾತದಲ್ಲಿ ಮಡಿದನು. ಜಿಲ್ ಓದನ್ನು ಮುಂದುವರಿಸಿ, ಉಪಾಧ್ಯಾಯಿನಿಯಾಗಿ, ಗಾಲಿಕುರ್ಚಿಯಲ್ಲಿ ಕುಳಿತೇ ಮಕ್ಕಳಿಗೆ ಓದು ಕಲಿಸುತ್ತ ಬಾಳಿ, ೨೦೧೨ರಲ್ಲಿ ತೀರಿಕೊಂಡಳು.

ದುಃಖದ ವಸ್ತು ಇಷ್ಟು ಸಮೃದ್ಧವಾಗಿರುವಾಗ ಕಣ್ಣೀರನ್ನು ತರಿಸುವುದು ಕಷ್ಟವಲ್ಲ. ಚಿತ್ರವು ಅದನ್ನು ಧಾರಾಳವಾಗಿ ತರಿಸುತ್ತದೆ. ಜಿಲ್ ಪಾತ್ರವನ್ನು ವಹಿಸಿದ ಮ್ಯಾರಿಲಿನ್ ಹ್ಯಾಸೆಟ್ಟಳ ಅಭಿನಯದಲ್ಲಿ ಸಂಯಮವಿದೆ. ಬ್ಯೂಕನ ಪಾತ್ರದಲ್ಲಿ ಬೋ ಬ್ರಿಡ್ಜಸನು ತುಂಟತನವನ್ನೂ ಮಮತೆಯನ್ನೂ ಹದವಾಗಿ ಬೆರೆಸಿದ್ದಾನೆ. ಇಷ್ಟೇ ಆಗಿದ್ದರೆ ಈ ಚಿತ್ರವನ್ನು ಸಾಧಾರಣವಾದ ಕರುಣರಸದ ಕಥೆಗಳ ಸಾಲಿಗೆ ಸೇರಿಸಿ ಬಿಡಬಹುದಾಗಿತ್ತು. ಆದರೆ ಅದರಲ್ಲಿ ಒಂದು ದೃಶ್ಯವಿದೆ. ಚಿತ್ರದ ಎಲ್ಲ ಗುಣವೂ, ವಿಚಾರಮಾಡಿ ನೋಡಿದರೆ ಎಲ್ಲ ದೋಷವೂ, ಆ ಒಂದು ದೃಶ್ಯದಿಂದಲೇ ಗೊತ್ತಾಗುತ್ತವೆ.

ಆಸ್ಪತ್ರೆಯಲ್ಲಿರುವ ಜಿಲ್ಲಳನ್ನು ನೋಡಲು ಅವಳು ಒಲಿದ ಯುವಕನು ಬರುತ್ತಾನೆ. ಅವನಿಗೆ ತೋರಿಸುವುದಕ್ಕೆ ಅವಳಲ್ಲಿ ಒಂದು ಹೊಸ ಸಾಧನೆ ಇದೆ. ಅವಳು ನಡೆದು ತೋರಿಸುವಳೆಂದು ಅವನ ನಿರೀಕ್ಷೆ. ಅವಳಾದರೋ ಬಟ್ಟಲಿನಲ್ಲಿರುವ ಆಲೂಗಡ್ಡೆಯ ಚಿಪ್ಸಿನ ಕಡೆಗೆ ಕೈಯನ್ನು ಚಾಚಿ, ಬಹಳ ಪ್ರಯಾಸದಿಂದ ಒಂದೇ ಒಂದು ಚೂರನ್ನು ಎತ್ತುತ್ತಾಳೆ. ಅವಳ ಮುಖದಲ್ಲಿ ಗೆಲವು. ಅವನ ಮುಖದಲ್ಲಿ ದಿಗಿಲು. ಒಂದೇ ಕೋಣೆಯಲ್ಲಿ ಒಂದೇ ಕಾರ್ಯವನ್ನು ಇಬ್ಬರು ಎರಡು ಅಳತೆಗೋಲುಗಳಿಂದ ಅಳೆದರು. ಅವಳ ಕೋಲು ನಿನ್ನೆಯ ತನ್ನ ಕೈಯಿಂದ ಇಂದಿನ ತನ್ನ ಕೈಯವರೆಗೆ. ಅವನ ಕೋಲು ಬಿದ್ದ ದಿನದ ಹಿಂದಿನ ಜಿಲ್ಲಳಿಂದ ಇಂದಿನವಳವರೆಗೆ. ಮಾತಿನ ಆಡಂಬರವಿಲ್ಲದೆ, ಒಂದು ತಿಂಡಿಯ ಚೂರಿನಿಂದ ಇಷ್ಟನ್ನು ತಿಳಿಸಿದುದು ನಿಜವಾದ ಕಲೆ. ಸಹೃದಯನು ಆ ಕ್ಷಣದಲ್ಲಿ ಯುವಕನನ್ನು ನಿಂದಿಸಲಾರ. ಏಕೆಂದರೆ ತನ್ನ ಕೈಯಲ್ಲಿರುವುದೂ ಆ ಯುವಕನ ಕೋಲೇ ಎಂಬ ಅರಿವು ಅವನಿಗೆ ಥಟ್ಟನೆ ಆಗುತ್ತದೆ.

ಚಿತ್ರವು ಈ ಅರಿವನ್ನು ಉಳಿಸಿಕೊಂಡಿದ್ದರೆ ಅದು ದೊಡ್ಡ ಕೃತಿಯಾಗುತ್ತಿದ್ದಿತು. ಉಳಿಸಿಕೊಳ್ಳಲಿಲ್ಲವೆಂಬುದೇ ಅದರ ಮೇಲಿನ ಮುಖ್ಯವಾದ ಆಕ್ಷೇಪ. ಆ ದೃಶ್ಯವು ಮುಗಿದೊಡನೆ ಚಿತ್ರವು ತಾನೇ ಯುವಕನ ಕೋಲನ್ನು ಕೈಗೆ ತೆಗೆದುಕೊಳ್ಳುತ್ತದೆ. ಕಳೆದುಹೋದ ಇಳಿಜಾರು, ಕಳೆದುಹೋದ ಪ್ರಿಯ, ಇವೆಲ್ಲವನ್ನೂ ಮೀರಿ ನಿಂತ ಧೈರ್ಯ: ಕಥೆಯು ಈ ಮೂರರ ನಡುವೆಯೇ ಸುತ್ತುತ್ತದೆ. ೧೯೭೮ರಲ್ಲಿ ಹೊರಟ ಎರಡನೆಯ ಭಾಗವೂ ಆಕೆಯ ವೃತ್ತಿಗಿಂತ ಆಕೆಯ ವಿವಾಹವನ್ನೇ ವಸ್ತುವನ್ನಾಗಿ ಆರಿಸಿಕೊಂಡಿತು. ಆದರೆ ಆ ಬಾಳಿನಲ್ಲಿ ಪ್ರೇಮಕ್ಕಿಂತ ಒರಟಾದ, ಕ್ಯಾಮರಕ್ಕೆ ಅಷ್ಟೇನೂ ಚೆಲುವಾಗಿ ಕಾಣದ ಒಂದು ಸಂಗತಿ ಇದ್ದಿತು. ಪದವಿಯನ್ನು ಪಡೆದಮೇಲೆ ಉಪಾಧ್ಯಾಯರ ಶಿಕ್ಷಣಕ್ಕೆ ಸೇರಬಯಸಿದಾಗ ಗಾಲಿಕುರ್ಚಿಯ ಕಾರಣದಿಂದ ಅವಳಿಗೆ ಬಾಗಿಲು ಮುಚ್ಚಿತು. ಆಕೆ ಬೇರೆ ರಾಜ್ಯಕ್ಕೆ ಹೋಗಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆ ಶಿಕ್ಷಣವನ್ನು ಪಡೆಯಬೇಕಾಯಿತು. ಹಿಮದ ಮೇಲಿನ ಪತನವು ಆಕಸ್ಮಿಕ. ಬಾಗಿಲು ಮುಚ್ಚಿದುದು ಆಕಸ್ಮಿಕವಲ್ಲ. ಮೊದಲನೆಯದಕ್ಕೆ ಯಾರೂ ಹೊಣೆಯಲ್ಲ. ಎರಡನೆಯದಕ್ಕೆ ಕಟ್ಟಡವನ್ನು ಕಟ್ಟಿದವರೂ ನಿಯಮವನ್ನು ಬರೆದವರೂ ಹೊಣೆ. ಕಥೆಯ ಭಾರವೆಲ್ಲವೂ ಪತನದ ಮೇಲೆ ಬಿದ್ದಾಗ ನೋಡುವವನಿಗೆ ಅಳುವುದೊಂದೇ ಕೆಲಸ. ಎದ್ದುಹೋಗಿ ಮಾಡಬೇಕಾದುದು ಏನೂ ಉಳಿಯುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಚಿತ್ರಕಾರನು ಸುಧಾರಕನಲ್ಲ, ಹಿಮದ ಆಟವನ್ನು ಕಳೆದುಕೊಂಡವಳ ಕಥೆಯಲ್ಲಿ ಆಟವು ಕಳೆದುಹೋದಂತೆ ತೋರಿಸುವುದೇ ಸತ್ಯವಲ್ಲವೆ, ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ೧೯೫೫ರಲ್ಲಿ ಅಷ್ಟು ಮೇಲಿನ ಪೆಟ್ಟು ತಿಂದವರಿಗೆ ಹಿಮದ ಮೇಲೆ ಹಾದಿಯಿರಲಿಲ್ಲ. ಆದರೆ ಹಾದಿಯನ್ನು ಮಾಡುವ ಕೆಲಸ ಆ ವೇಳೆಗೆ ಆರಂಭವಾಗಿದ್ದಿತು. ಚಿತ್ರ ಹೊರಬರುವ ಹೊತ್ತಿಗೆ ಬಹುದೂರ ಸಾಗಿಯೂ ಇದ್ದಿತು. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನೋಡುವುದು ಅವಶ್ಯಕ.

ಈ ವಿದ್ಯೆಯು ಬೆಳೆದುದು ಯುದ್ಧದ ಗಾಯಗಳಿಂದ. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಒಂದು ಕಾಲನ್ನು ಕಳೆದುಕೊಂಡಿದ್ದ ಫ್ರಾಂಜ್ ವೆಂಡೆಲ್ ಎಂಬ ಜರ್ಮನನು ಊರುಗೋಲುಗಳ ತುದಿಗೆ ಗಿಡ್ಡನೆಯ ಸ್ಕೀಗಳನ್ನು ಜೋಡಿಸಿಕೊಂಡು ಪಂದ್ಯಕ್ಕೆ ಇಳಿದನು. ಕೈಬಾಂಬಿನಿಂದ ಎರಡು ಕಾಲುಗಳನ್ನೂ ಕಳೆದುಕೊಂಡ ಆಸ್ಟ್ರಿಯದ ಸೆಪ್ ಟ್ಸ್ವಿಕ್‌ನಾಗ್ಲ್ ಕೃತಕ ಕಾಲುಗಳ ಮೇಲೆ ಜಾರುವುದನ್ನು ತಾನೇ ಕಲಿತು, ಕಿಟ್ಸ್‌ಬ್ಯೂಹೆಲ್ ಊರಿನಲ್ಲಿ ಇತರರಿಗೆ ಗುರುವಾದನು. ೧೯೪೭ರ ವೇಳೆಗೆ ಆಸ್ಟ್ರಿಯದಲ್ಲಿ ಇಂಥವರ ಪಂದ್ಯಗಳು ವರ್ಷವರ್ಷವೂ ನಡೆಯತೊಡಗಿದುವು. ಅಮೆರಿಕದ ಕೊಲೊರಾಡೊ ರಾಜ್ಯದ ವಿಂಟರ್ ಪಾರ್ಕಿನಲ್ಲಿ ಹ್ಯಾಲ್ ಓಲಿಯರಿ ೧೯೭೦ರಲ್ಲಿ ಡೆನ್ವರ್ ನಗರದ ಮಕ್ಕಳ ಆಸ್ಪತ್ರೆಯಿಂದ ಬಂದ, ಅಂಗಚ್ಛೇದವಾಗಿದ್ದ ೨೩ ಮಕ್ಕಳಿಗೆ ಪಾಠ ಹೇಳಿದನು. ಒಂದು ಸಲಕ್ಕೆಂದು ಆರಂಭವಾದ ಆ ಪಾಠವು ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಚಿತ್ರವು ಬಂದ ಮರುವರ್ಷ, ೧೯೭೬ರಲ್ಲಿ, ಸ್ವೀಡನ್ನಿನ ಓರ್ನ್‌ಶೋಲ್ಡ್ಸ್‌ವಿಕ್ ನಗರದಲ್ಲಿ ಮೊದಲ ಚಳಿಗಾಲದ ಪ್ಯಾರಾಲಿಂಪಿಕ್ ಕ್ರೀಡೆಗಳು ನಡೆದುವು. ಅಲ್ಲಿ ಸ್ಪರ್ಧಿಸಿದವರು ಅಂಗಚ್ಛೇದವಾದವರು ಮತ್ತು ದೃಷ್ಟಿ ಕುಂದಿದವರು. ಕುಳಿತು ಜಾರುವವರಿಗೆ ೧೯೮೮ರಲ್ಲಿ, ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ, ಸ್ಥಾನ ದೊರೆಯಿತು. ಆ ಹನ್ನೆರಡು ವರ್ಷಗಳಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಧೈರ್ಯವೇನೂ ಹೆಚ್ಚಲಿಲ್ಲ. ಹೆಚ್ಚಿದುದು ಕುಳಿತವನನ್ನು ಹಿಮಕ್ಕೆ ಹೊಂದಿಸುವ ಕುಶಲತೆ.

ಆ ಕುಶಲತೆಯ ಸ್ವರೂಪವನ್ನು ತಿಳಿದರೆ ಮೊದಲು ಹೇಳಿದ ಸುಭಾಷಿತದ ಬೆಲೆಯನ್ನು ಕಟ್ಟಬಹುದು. ಮಾನೋಸ್ಕೀ ಎಂಬ ಸಾಧನದಲ್ಲಿ ಒಂದೇ ಒಂದು ಸ್ಕೀ ಇರುತ್ತದೆ. ಅದರ ಮೇಲೆ ಆಘಾತವನ್ನು ನುಂಗುವ ಸ್ಪ್ರಿಂಗಿನ ಕಟ್ಟು. ಅದರ ಮೇಲೆ ದೇಹದ ಅಚ್ಚಿಗೆ ಸರಿಯಾಗಿ ರೂಪಿಸಿದ ಆಸನ. ಸೊಂಟಕ್ಕೂ ತೊಡೆಗೂ ಪಟ್ಟಿಗಳನ್ನು ಬಿಗಿದು ಕುಳಿತವನು, ಎರಡು ಕೈಗಳಲ್ಲಿಯೂ ತುದಿಗೆ ಗಿಡ್ಡ ಸ್ಕೀ ಇರುವ ಕೋಲುಗಳನ್ನು ಹಿಡಿದು, ಮೈಯನ್ನು ಎಡಬಲಕ್ಕೆ ವಾಲಿಸುತ್ತಾನೆ. ಆ ವಾಲಿಕೆಯಿಂದ ಸ್ಕೀಯ ಅಂಚು ಹಿಮವನ್ನು ಕಚ್ಚಿ, ಹಾದಿ ತಿರುಗುತ್ತದೆ. ಆಸನವು ಬೆರಳಷ್ಟು ಸಡಿಲವಾದರೂ ಮೈಯ ಅಪ್ಪಣೆಯು ಸ್ಕೀಗೆ ತಡವಾಗಿ ತಲಪುತ್ತದೆ; ಅತಿಯಾಗಿ ಬಿಗಿಯಾದರೆ, ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣೆದ್ದುದು ಕುಳಿತವನಿಗೇ ತಿಳಿಯುವುದಿಲ್ಲ. ಒಂದು ಕಾಲುಳ್ಳವರು ಆ ಕಾಲಿಗೆ ಒಂದು ಸ್ಕೀಯನ್ನೂ ಕೈಗಳಿಗೆ ಎರಡು ಕೋಲುಸ್ಕೀಗಳನ್ನೂ ಇಟ್ಟುಕೊಂಡು ಹಿಮದಲ್ಲಿ ಮೂರು ಗೆರೆಗಳನ್ನು ಎಳೆಯುತ್ತಾರೆ. ತೋಳಿನ ಬಲ ಕಡಮೆಯಾದವರಿಗೆ ಆಸನದ ಕೆಳಗೆ ಎರಡು ಸ್ಕೀಗಳಿರುವ ಸಾಧನವಿದೆ. ಹಿಂದೆ ಬರುವ ಗುರುವು ಹಗ್ಗವನ್ನು ಹಿಡಿದು ವೇಗವನ್ನು ಕಾಯುತ್ತಾನೆ. ಕಣ್ಣಿಲ್ಲದವರ ಮುಂದೆ ಮಾರ್ಗದರ್ಶಕನೊಬ್ಬನು ಜಾರುತ್ತ, ತಿರುವುಗಳನ್ನು ಕೂಗಿ ಹೇಳುತ್ತಾನೆ; ಈಗ ಆ ಕೂಗು ರೇಡಿಯೋದ ಮೂಲಕ ಕಿವಿಗೆ ಬರುವುದೂ ಉಂಟು.

ಇದನ್ನು ಕಂಡಮೇಲೆ ಸೂರ್ಯನ ರಥದ ಕಡೆಗೆ ತಿರುಗಿದರೆ ಸುಭಾಷಿತಕಾರನು ಒಂದು ಸಂಗತಿಯನ್ನು ಗಮನಿಸದೆ ಹೋದನೆಂದು ತೋರುತ್ತದೆ. ವಿನತೆಯು ಆತುರದಿಂದ ಮೊಟ್ಟೆಯನ್ನು ಒಡೆದುದರಿಂದ ಅರುಣನು ಅರೆಮೈಯಿಂದ ಹುಟ್ಟಿದನೆಂಬುದು ಪುರಾಣಕಥೆ. ಅವನಿಗೆ ದೊರೆತ ಕೆಲಸ ಯಾವುದು? ನಡೆಯುವುದಲ್ಲ, ಓಡುವುದಲ್ಲ, ಕುಳಿತು ಕಡಿವಾಣವನ್ನು ಹಿಡಿಯುವುದು. ತೊಡೆಗಳಿಲ್ಲದವನಿಗೆ ಇದಕ್ಕಿಂತ ಒಪ್ಪುವ ಕೆಲಸವಿದೆಯೆ? ಅವನಿಗೆ ಒಂದು ಪೀಠವನ್ನೂ ಕೈಗೆ ಹಗ್ಗವನ್ನೂ ಕೊಟ್ಟವರು ಅವನ ಸತ್ತ್ವವನ್ನು ಹೊಗಳಿ ಸುಮ್ಮನಾಗಲಿಲ್ಲ. ಅವನ ಮೈಯನ್ನು ನೋಡಿ ಕೆಲಸವನ್ನು ಹೊಂದಿಸಿದರು. ಒಂಟಿಗಾಲಿಯ ಆ ರಥಕ್ಕೂ ಒಂಟಿಸ್ಕೀಯ ಈ ಆಸನಕ್ಕೂ ಇರುವ ಹೋಲಿಕೆ ವಿನೋದಕ್ಕಾಗಿ ಹೇಳತಕ್ಕುದಲ್ಲ. ಉಪಕರಣವನ್ನು ತಿರಸ್ಕರಿಸುವುದಕ್ಕೆ ಎತ್ತಿಕೊಂಡ ನಿದರ್ಶನವೇ ಉಪಕರಣದ ಮಹಿಮೆಯನ್ನು ಸಾರುತ್ತದೆ.

ಕಾವ್ಯದಲ್ಲಿ ಉಪಕರಣಕ್ಕೆ ಏನು ಸ್ಥಾನ, ಸ್ಪ್ರಿಂಗನ್ನೂ ಪಟ್ಟಿಯನ್ನೂ ವರ್ಣಿಸಿದರೆ ರಸವು ಹುಟ್ಟೀತೆ ಎಂಬ ಸಂದೇಹ ಇಲ್ಲಿ ಏಳಬಹುದು. ಭಾರತಕಥೆಯನ್ನು ಕನ್ನಡದಲ್ಲಿ ಓದಿದವರಿಗೆ ಈ ಸಂದೇಹ ನಿಲ್ಲಬಾರದು. ಕರ್ಣನ ಅವಸಾನದಲ್ಲಿ ಅವನ ಸತ್ತ್ವಕ್ಕೆ ಕುಂದು ಬಂದಿತೆಂದು ಯಾವ ಓದುಗನೂ ಹೇಳುವುದಿಲ್ಲ. ನೆಲವು ರಥದ ಗಾಲಿಯನ್ನು ನುಂಗಿತು. ಅಷ್ಟು ದೊಡ್ಡ ಬಾಳು ಒಂದು ಗಾಲಿಯ ಮೇಲೆ ನಿಂತಿದ್ದಿತೆಂಬ ಅರಿವಿನಿಂದಲೇ ಅಲ್ಲಿಯ ಶೋಕವು ತುಂಬುತ್ತದೆ. ಉಪಕರಣವು ರಸಕ್ಕೆ ಹೊರಗಿನದಲ್ಲ. ಮನುಷ್ಯನ ಸಂಕಲ್ಪವು ಲೋಕವನ್ನು ಮುಟ್ಟುವುದು ಅದರ ಮೂಲಕ.

ಹಾಗಾದರೆ ಉಪಕರಣವನ್ನೇ ಮುಂದಿಟ್ಟ ಬರವಣಿಗೆ ಉತ್ತಮವೆ? ಓಲಿಯರಿಯು ತನ್ನ ಅನುಭವವನ್ನು ೧೯೮೭ರಲ್ಲಿ ‘ಬೋಲ್ಡ್ ಟ್ರ್ಯಾಕ್ಸ್’ ಎಂಬ ಪುಸ್ತಕದಲ್ಲಿ ಸಂಗ್ರಹಿಸಿದನು. ಕಲಿಸುವವರಿಗಾಗಿ ಹುಟ್ಟಿದ ಇಂಥ ಬೋಧಗ್ರಂಥಗಳಿಗೆ ಒಂದು ದೊಡ್ಡ ಗುಣವಿದೆ. ‘ಈತನು ಎಷ್ಟು ಧೈರ್ಯಶಾಲಿ?’ ಎಂಬುದು ಅವುಗಳ ಪ್ರಶ್ನೆಯಲ್ಲ. ‘ಈತನ ತೂಕ ಎಲ್ಲಿ ನಿಲ್ಲುತ್ತದೆ, ಯಾವ ಭಾಗಕ್ಕೆ ಆಸರೆ ಬೇಕು, ಬಿದ್ದರೆ ಏಳುವುದು ಹೇಗೆ?’ ಎಂಬುದು ಪ್ರಶ್ನೆ. ಹೊಗಳಿಕೆಗಿಂತ ಈ ಪ್ರಶ್ನೆಯಲ್ಲಿ ಹೆಚ್ಚಿನ ಗೌರವವಿದೆ. ಗುರುವು ಶಿಷ್ಯನನ್ನು ಅದ್ಭುತವೆಂದು ಎಣಿಸಿದರೆ ಅವನ ತಪ್ಪನ್ನು ತಿದ್ದಲಾರ. ತಿದ್ದುವುದೇ ಸಮಾನತೆಯ ಗುರುತು. ಆದರೆ ಬೋಧಗ್ರಂಥಕ್ಕೆ ತನ್ನ ಎಲ್ಲೆಯೂ ಉಂಟು. ಆಸನದಲ್ಲಿ ಕುಳಿತವನು ರಾತ್ರಿ ಒಬ್ಬನೇ ಇದ್ದಾಗ ಏನನ್ನು ನೆನೆಯುವನು, ಚಿಪ್ಸಿನ ಚೂರನ್ನು ಎತ್ತಿದ ಕೈಗೆ ಎದುರಿನ ಮುಖ ಕಂದಿದಾಗ ಏನಾಯಿತು ಎಂಬುದು ಅದಕ್ಕೆ ಕಾಣುವುದಿಲ್ಲ. ಚಿತ್ರದಲ್ಲಿ ಮನಸ್ಸಿದೆ, ಆಸನವಿಲ್ಲ. ಗ್ರಂಥದಲ್ಲಿ ಆಸನವಿದೆ, ಮನಸ್ಸಿಲ್ಲ. ಎರಡನ್ನೂ ಒಂದೇ ದೃಷ್ಟಿಯಲ್ಲಿ ಹಿಡಿಯುವ ಕೃತಿಯನ್ನು ಓದುಗನು ಬಯಸುವುದು ಸಹಜ.

ಆಶ್ಚರ್ಯವೆಂದರೆ, ಸಾಹಿತ್ಯವು ಕಾಣದ ಈ ವಿವೇಕವನ್ನು ಪಂದ್ಯದ ನಿಯಮಗಳು ತಮ್ಮ ಒಣಭಾಷೆಯಲ್ಲಿಯೇ ಕಂಡುಕೊಂಡಿವೆ. ೨೦೦೬ರ ಟೊರಿನೋ ಕ್ರೀಡೆಗಳಿಂದ ಇಳಿಜಾರಿನ ಸ್ಪರ್ಧಿಗಳನ್ನು ನಿಂತು ಜಾರುವವರು, ಕುಳಿತು ಜಾರುವವರು, ದೃಷ್ಟಿ ಕುಂದಿದವರು ಎಂದು ಮೂರು ಗುಂಪು ಮಾಡಿ, ಪ್ರತಿಯೊಬ್ಬನ ನಿಜವಾದ ವೇಳೆಯನ್ನು ಅವನ ದೇಹಸ್ಥಿತಿಯ ವರ್ಗಕ್ಕೆ ಗೊತ್ತುಮಾಡಿದ ಅಂಶದಿಂದ ಗುಣಿಸುತ್ತಾರೆ. ಅಂಶವು ೦.೮ ಆಗಿದ್ದರೆ ೧೦೦ ಸೆಕೆಂಡಿನ ಓಟವು ೮೦ ಸೆಕೆಂಡಿನದಾಗಿ ಎಣಿಕೆಗೆ ಬರುತ್ತದೆ. ಇದು ದಯೆಯಲ್ಲ, ಅಳತೆಗೋಲನ್ನು ತಿದ್ದಿಕೊಳ್ಳುವುದು. ಅಂಶವು ಸರಿಯೋ ತಪ್ಪೋ ಎಂಬ ಚರ್ಚೆಗೆ ಅವಕಾಶವುಂಟು. ಆದರೆ ಕೋಲು ಒಂದೇ ಅಲ್ಲವೆಂಬ ತತ್ತ್ವ ಅಲ್ಲಿ ಒಪ್ಪಿತವಾಗಿದೆ. ದೃಷ್ಟಿಯಿಲ್ಲದವನು ಗೆದ್ದಾಗ ಮುಂದೆ ಜಾರಿದ ಮಾರ್ಗದರ್ಶಕನಿಗೂ ಈಗ ಪದಕವುಂಟು. ಗೆಲವು ಒಬ್ಬನ ಎದೆಯೊಳಗಿನ ಗುಟ್ಟಲ್ಲ, ಕೂಡಿ ಮಾಡಿದ ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇಕಿಲ್ಲ.

ಕನ್ನಡ ಓದುಗರಿಗೆ ಇದೆಲ್ಲ ದೂರದ ಹಿಮದ ಮಾತೆಂದು ತೋರಬಹುದು. ಆದರೆ ಪರೀಕ್ಷೆಯು ಮನೆಯ ಮಾತಿನಲ್ಲಿಯೇ ಆರಂಭವಾಗುತ್ತದೆ. ಅಂಗವಿಕಲ ಎಂಬ ಪದವು ಒರಟೆಂದು ವಿಕಲಚೇತನ ಎಂಬುದನ್ನು ತಂದರು. ಕುಂದು ಇದ್ದುದು ಅಂಗದಲ್ಲಿ. ಹೊಸ ಪದವು ಅದನ್ನು ಚೇತನಕ್ಕೆ ಅಂಟಿಸಿತು. ೨೦೧೫ರ ಕೊನೆಯಿಂದ ಬಳಕೆಗೆ ಬಂದ ದಿವ್ಯಾಂಗ ಎಂಬ ಪದವು ಅದೇ ಅಂಗವನ್ನು ದೇವತ್ವಕ್ಕೆ ಏರಿಸಿತು. ಒಂದರಲ್ಲಿ ಕನಿಕರ, ಇನ್ನೊಂದರಲ್ಲಿ ಆರಾಧನೆ. ಎದುರಿಗಿರುವ ಮೆಟ್ಟಿಲನ್ನು ಮಾತ್ರ ಯಾವ ಪದವೂ ಹೆಸರಿಸುವುದಿಲ್ಲ. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ೨೦೧೬ರ ಕೇಂದ್ರದ ಕಾಯಿದೆ ವಿಧಿಸಿದೆ. ಕನ್ನಡನಾಡಿನಲ್ಲಿ ಹಿಮದ ಇಳಿಜಾರುಗಳಿಲ್ಲ, ಮೆಟ್ಟಿಲುಗಳಿಗೆ ಕೊರತೆಯಿಲ್ಲ. ಮೇಲಿನ ಅಂತಸ್ತಿನ ತರಗತಿಗೆ ಏರಲಾರದೆ ಓದು ನಿಲ್ಲಿಸಿದ ಮಗುವಿನ ಮುಂದೆ ಜಿಲ್ಲಳ ಧೈರ್ಯವನ್ನು ಕಥೆಯಾಗಿ ಹೇಳುವುದು ಸುಲಭ. ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸುವುದು ಅದಕ್ಕಿಂತ ಉಪಕಾರ.

ಇಷ್ಟು ಹೇಳಿದ ಮಾತ್ರಕ್ಕೆ ಸತ್ತ್ವವನ್ನು ಅಲ್ಲಗಳೆದಂತಾಗುವುದಿಲ್ಲ. ಆಸನವನ್ನು ಎಷ್ಟು ಚೆನ್ನಾಗಿ ರೂಪಿಸಿದರೂ ಇಳಿಜಾರಿನ ತುದಿಯಲ್ಲಿ ಮೈಯನ್ನು ಮುಂದಕ್ಕೆ ಬಾಗಿಸುವ ನಿರ್ಧಾರವನ್ನು ಯಾವ ಕಮ್ಮಾರನೂ ಮಾಡಿಕೊಡಲಾರ. ಗಾಲಿಕುರ್ಚಿಯನ್ನು ಒಲ್ಲದ ಬಾಗಿಲಿನಿಂದ ತಿರುಗಿ ಬೇರೆ ರಾಜ್ಯಕ್ಕೆ ಹೋಗಿ ಓದಿದುದು ಜಿಲ್ಲಳ ಸತ್ತ್ವವೇ ಸರಿ. ಆದರೆ ಅವಳ ಸತ್ತ್ವವನ್ನು ಹೊಗಳುವ ನೆವದಲ್ಲಿ ಆ ಬಾಗಿಲನ್ನು ಮರೆಯುವುದು ಹೊಗಳಿಕೆಯಲ್ಲ, ಜಾರಿಕೆ. ‘ದಿ ಅದರ್ ಸೈಡ್ ಆಫ್ ದಿ ಮೌಂಟನ್’ ಸಾಧುವಾದ ಉದ್ದೇಶದ ಚಿತ್ರ; ಆಸ್ಪತ್ರೆಯ ಆ ಒಂದು ದೃಶ್ಯಕ್ಕಾಗಿ ಅದನ್ನು ನೋಡಲೇಬೇಕು; ಅಲ್ಲಿ ದೊರೆತ ಅಳತೆಗೋಲನ್ನು ಕೈಬಿಡದೆ ಉಳಿದ ಚಿತ್ರವನ್ನು ಅದರಿಂದಲೇ ಅಳೆಯಬೇಕು.

ಜಿಲ್ ಬಿದ್ದ ಆಲ್ಟಾ ಇರುವುದು ವಾಸಾಚ್ ಪರ್ವತಶ್ರೇಣಿಯಲ್ಲಿ. ಅದೇ ಶ್ರೇಣಿಯ ತಪ್ಪಲಿನಲ್ಲಿರುವ ಯೂಟಾ ವಿಶ್ವವಿದ್ಯಾಲಯದಲ್ಲಿ ಈ ಶತಮಾನದಲ್ಲಿ ಟೆಟ್ರಾಸ್ಕೀ ಎಂಬ ಸಾಧನವನ್ನು ರೂಪಿಸಿದ್ದಾರೆ. ಕೈಕಾಲುಗಳೆಲ್ಲ ಸ್ವಾಧೀನ ತಪ್ಪಿದವರು ಅದರಲ್ಲಿ ಕುಳಿತು, ಬಾಯಿಯ ಬಳಿಯ ನಳಿಕೆಯಲ್ಲಿ ಉಸಿರನ್ನು ಎಳೆದೂ ಊದಿಯೂ ತಾವೇ ಹಾದಿಯನ್ನು ತಿರುಗಿಸುತ್ತಾರೆ. ಗುರುವು ಹಗ್ಗವನ್ನು ಹಿಡಿದು ಹಿಂದೆ ಬರುತ್ತಾನೆ. ಉಸಿರು ಅವರದು, ನಳಿಕೆ ಇನ್ನೊಬ್ಬರು ಮಾಡಿಕೊಟ್ಟುದು. ಅಲ್ಲಿ ಸತ್ತ್ವವೆಷ್ಟು, ಉಪಕರಣವೆಷ್ಟು ಎಂದು ಭಾಗಮಾಡಲು ಹೊರಟವನಿಗೆ ಗೆರೆಯನ್ನು ಎಳೆಯುವ ಸ್ಥಳ ಸಿಕ್ಕುವುದಿಲ್ಲ.